ಭಾಗೀರಥಿಬಾಯಿಯ ತುಪ್ಪದ ಸೇಡು

ಹದಿನಾಲ್ಕನೆಯ ವಯಸ್ಸಿನಲ್ಲಿ ಮಾನ್ವಿಯ ಭಾಗೀರಥಿಯ ಮಣಿಕಟ್ಟು ಬಹಳ ಸಣ್ಣದಿತ್ತು. ಹೆಣ್ಣು ನೋಡಲು ರಾಯಚೂರಿನಿಂದ ಗೋಪಾಲಕೃಷ್ಣರಾಯರು ಬರುವ ತನಕ ಅದು ಯಾರಿಗೂ ಬೇಕಾದ ಸುದ್ದಿಯಾಗಿರಲಿಲ್ಲ. ರಾಯರು ಆಗಿನ್ನೂ ವಕೀಲಿ ಓದುತ್ತಿದ್ದರು, ಆದರೆ ತೀರ್ಪು ಕೊಡುವ ಅಭ್ಯಾಸ ಆಗಲೇ ಹತ್ತಿತ್ತು. ಅವರ ತಾಯಿ ಹುಡುಗಿಯ ಕೈ ಎಳೆದುಕೊಂಡು, ಮಣಿಕಟ್ಟಿಗೆ ತಮ್ಮ ಹೆಬ್ಬೆರಳು ನಡುಬೆರಳು ಸುತ್ತಿದರು. ಎರಡೂ ಬೆರಳು ಕೂಡಿ, ಒಳಗೆ ಇನ್ನೊಂದು ಬೆರಳಿಗೆ ಜಾಗ ಉಳಿಯಿತು. ಅದನ್ನು ಮಗನಿಗೆ ತೋರಿಸಿದರು.

"ಒಣ ಕಟ್ಟಿಗಿ ಆತಲ್ಲ," ಅಂದರು ರಾಯರು. "ಒಲಿಗೆ ಛಲೋ."

ತಮ್ಮ ಮಾತಿಗೆ ಮೊದಲು ತಾವೇ ನಕ್ಕರು, ಹಿಂದೆಯೇ ಪಡಸಾಲೆಯೆಲ್ಲ ನಕ್ಕಿತು. ಹುಡುಗಿಯ ಸೋದರಮಾವನೂ ನಕ್ಕ. ತಾಯಿ ಮಗ ಅವಲಕ್ಕಿ ತಿಂದು, ಕೈ ತೊಳೆದು ಹೋದರು.

ಮಾತು ಮಾತ್ರ ಮಾನ್ವಿಯಲ್ಲೇ ಉಳಿಯಿತು. ಮುಂದೆ ಮೂರು ವರ್ಷ ಬಂದವರೆಲ್ಲ ಮುಖ ನೋಡುವ ಮೊದಲು ಮಣಿಕಟ್ಟು ನೋಡಿದರು. ಕೊನೆಗೆ ದೇವದುರ್ಗದಲ್ಲಿ ಐವತ್ತು ದಾಟಿದ ಅರ್ಚಕರೊಬ್ಬರು, ಕಣ್ಣು ಮಂಜಾಗಿದ್ದರಿಂದಲೋ ಏನೋ, ಒಪ್ಪಿದರು. ಎರಡು ವರ್ಷಕ್ಕೆ ಅವರು ತೀರಿಕೊಂಡರು. ಭಾಗೀರಥಿಬಾಯಿ ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು, ಮೈದುನನ ಮನೆಯ ಒಲೆಯ ಮುಂದೆ ಆರು ವರ್ಷ ಕೂತರು. ಒಲೆಗೆ ಛಲೋ ಅಂದಿದ್ದು ಹಾಗೆ ಖರೇ ಆಯಿತು.

ದೊಡ್ಡ ಯುದ್ಧ ಶುರುವಾದ ಮರುವರ್ಷ ಅವರು ರಾಯಚೂರಿನ ಒಬ್ಬ ವಕೀಲರ ಮನೆಗೆ ಅಡಿಗೆಗೆ ಬಂದರು. ಯಜಮಾನತಿ ಕಾವೇರಿಬಾಯಿಗೆ ಸೊಂಟನೋವು, ಹೇಳಿಕೊಟ್ಟಷ್ಟು ಮಾಡುವವರು ಸಿಕ್ಕರೆ ಸಾಕಿತ್ತು. ಮೊದಲ ದಿನ ಬಡಿಸುವಾಗ ವಕೀಲರು ತಮ್ಮ ಮಾತಿಗೆ ತಾವೇ ನಕ್ಕರು. ಆ ನಗು ಕೇಳಿ ಭಾಗೀರಥಿಬಾಯಿಯ ಸೌಟು ಗಾಳಿಯಲ್ಲೇ ನಿಂತಿತು.

"ನಿಮ್ಮದು ಯಾವೂರ್ರೀ, ಬಾಯಿ?"

"ಮಾನ್ವಿ."

"ಹೌದಾ? ನಾನೂ ಒಮ್ಮೆ ಹೆಣ್ಣು ನೋಡ್ಲಿಕ್ಕೆ ಹೋಗಿದ್ದೆ. ಯಾರ ಮನಿ ಅಂತ ನೆನಪಿಲ್ಲ. ಅವಲಕ್ಕಿ ಛಲೋ ಮಾಡಿದ್ರು."

ಭಾಗೀರಥಿಬಾಯಿ ಒಳಗೆ ಹೋಗಿ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತರು. ವಿಷದ ಯೋಚನೆ ಬರಲಿಲ್ಲವೆಂದಲ್ಲ. ಆದರೆ ವಿಷ ಮಡಿಗೆ ಬರುವುದಿಲ್ಲ, ಮೇಲಾಗಿ ಒಂದೇ ದಿನಕ್ಕೆ ಮುಗಿದುಹೋಗುತ್ತದೆ. ಕಪಾಟಿನ ಮೇಲೆ ತುಪ್ಪ ಬಡಿಸುವ ಪುಟ್ಟ ಹಿತ್ತಾಳೆಯ ಮಿಳ್ಳಿ ಇತ್ತು. ಅದನ್ನು ಕೈಗೆ ತಗೊಂಡು ಹೊರಗೆ ಬಂದರು.

ರಾಯರಿಗೆ ಆಗ ಮೂವತ್ತೆರಡು. ಅವರ ಜೀವನದಲ್ಲಿ ಎರಡು ಹೆಮ್ಮೆಗಳಿದ್ದವು, ಒಂದು ವಕೀಲಿ, ಇನ್ನೊಂದು ಇಪ್ಪತ್ತೆಂಟು ಇಂಚಿನ ಸೊಂಟ. ದಿನಾ ಬೆಳಿಗ್ಗೆ ಕೋಟೆಯ ಗುಡ್ಡ ಹತ್ತಿ ಇಳಿದು, ಹತ್ತಲಾರದವರ ಬಗ್ಗೆ ಕಕ್ಷಿದಾರರ ಮುಂದೆ ಮರುಗುತ್ತಿದ್ದರು. ಶೇರ್ವಾನಿ ತೊಟ್ಟರೆ ಒಂದು ಸುಕ್ಕೂ ಬೀಳುತ್ತಿರಲಿಲ್ಲ. ಸುಕ್ಕಿಲ್ಲ ಅನ್ನುವುದನ್ನು ಎದುರಿನವರು ತಾವಾಗಿ ಹೇಳದಿದ್ದರೆ ಇವರೇ ನೆನಪು ಮಾಡುತ್ತಿದ್ದರು.

ಭಾಗೀರಥಿಬಾಯಿ ಅವಸರ ಮಾಡಲಿಲ್ಲ. ಅನ್ನಕ್ಕೊಂದು ಸಲ ತುಪ್ಪ, ತೊವ್ವೆಗೊಂದು ಸಲ, ಹೋಳಿಗೆಗೆ ಮುಳುಗುವಷ್ಟು. ರಾಯರು ಕೈ ಅಡ್ಡ ಹಿಡಿದು "ಸಾಕು" ಅಂದರೆ ಬೆರಳ ಸಂದಿಯಿಂದ ಬಿಡುತ್ತಿದ್ದರು. ಸಾಕು ಅಂದ ಮೇಲೂ ಬಡಿಸುವುದು ನಮ್ಮ ಕಡೆ ಮರ್ಯಾದೆ, ಯಾವ ಕೋರ್ಟಿನಲ್ಲೂ ಅದನ್ನು ಅಪರಾಧ ಅನ್ನಲು ಬರುವುದಿಲ್ಲ. "ಎಂಥಾ ಅಂತಃಕರಣದವರು," ಎಂದು ಕಾವೇರಿಬಾಯಿ ಬೀದಿಗೆಲ್ಲ ಹೇಳಿಕೊಂಡು ಬಂದರು.

ಸತ್ಯ ತಿಳಿದವನು ಒಬ್ಬನೇ, ಶೇರ್ವಾನಿ ಹೊಲಿಯುವ ಅಮೀರ್ ಸಾಬ್. ವರ್ಷಕ್ಕೊಮ್ಮೆ ಬಂದು, ಹೊಲಿಗೆಯ ಒಳಗೆ ಮಡಚಿಟ್ಟ ಅರಿವೆ ಬಿಚ್ಚಿ ಹಿಗ್ಗಿಸಿ ಕೊಡುವುದು ಅವನ ಕೆಲಸ. ಮೂರನೆಯ ವರ್ಷ ಹಿತ್ತಿಲ ಕಿಟಕಿಯ ಹತ್ತಿರ ನಿಂತು ನೀರು ಕೇಳಿದ.

"ಬಾಯಿ, ಮೂವತ್ತೇಳು ಇಂಚು ಆತು. ಒಳಗಿನ ಕಪಡಾ ಖತಂ. ಇನ್ನ ಜೋಡಿಸ್ಬೇಕು."

"ಜೋಡಿಸ್ರಿ."

"ನಲವತ್ತ ವರ್ಷದಿಂದ ಅಳತಿ ತಗೊಂಡೀನಿ. ಪ್ರೀತಿಯಿಂದ ಉಂಡಿದ್ದು ಮೈತುಂಬ ಹರಡಿಕೊಂತದ. ಇವ್ರಿಗಿ ಬರೇ ಹೊಟ್ಟಿಗೇ ಬಂದದ. ಯಾರೋ ಗುರಿ ಇಟ್ಟು ಹಾಕಿದಂಗ ಅದ."

ಭಾಗೀರಥಿಬಾಯಿ ನೀರು ಮೇಲಿನಿಂದ ಹೊಯ್ದರು. ಅಮೀರ್ ಸಾಬ್ ಬೊಗಸೆಯಲ್ಲಿ ಕುಡಿದು ಹೋದ.

ಯುದ್ಧದ ತುಟ್ಟಿಯಲ್ಲಿ ಪೇಟೆಗೆ ವನಸ್ಪತಿ ಡಬ್ಬಿ ಬಂತು. ಕಾವೇರಿಬಾಯಿ ಅದನ್ನೇ ತರಿಸೋಣವೇ ಅಂದರು. "ಬ್ಯಾಡ್ರೀ," ಅಂದರು ಭಾಗೀರಥಿಬಾಯಿ. "ರಾಯರಿಗೆ ಕಲಬೆರಕಿ ಹಾಕ್ಲಿಕ್ಕೆ ನನ್ನ ಮನಸ್ಸು ಒಪ್ಪೂದಿಲ್ಲ." ಸಿರವಾರದ ಗೌಳಿಗರ ಎಮ್ಮೆಯ ಬೆಣ್ಣೆ ತರಿಸಿ ತಾವೇ ಕಾಯಿಸಿದರು. ಸೇಡು ಶುದ್ಧವಾಗಿರಬೇಕು ಅನ್ನುವುದರಲ್ಲಿ ಅವರು ಬಹಳ ಕಟ್ಟುನಿಟ್ಟು.

ಆರು ವರ್ಷಕ್ಕೆ ನಲವತ್ತನಾಲ್ಕು ಇಂಚಾಯಿತು. ಗುಡ್ಡ ಹತ್ತುವುದು ನಿಂತಿತು. ಕೋರ್ಟಿನ ಮೂರು ಮೆಟ್ಟಿಲಿಗೆ ಉಸಿರು ಹತ್ತಿ ವಾದ ಚಿಕ್ಕದಾಯಿತು. ವಾದ ಚಿಕ್ಕದಾದ ಮೇಲೆ ಗೆದ್ದ ಕೇಸು ಹೆಚ್ಚಾದವು, ಅದೊಂದೇ ಭಾಗೀರಥಿಬಾಯಿಯ ಲೆಕ್ಕ ತಪ್ಪಿದ್ದು. ರಾಯರು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟ ದಿನ ಭಾಗೀರಥಿಬಾಯಿ ಸಿಹಿ ಸಜ್ಜಕ ಮಾಡಿದರು.

ಆ ವರ್ಷವೇ ರಾಯರಿಗೆ ವಿಷಮಜ್ವರ ಬಂತು. ಆಗಿನ ಔಷಧವೆಂದರೆ ಉಪವಾಸ. ನಲವತ್ತು ದಿನ ಬಾರ್ಲಿ ನೀರು ಬಿಟ್ಟರೆ ಏನೂ ಇಲ್ಲ. ಅದೇ ಬೀದಿಯಲ್ಲಿ ಅದೇ ಜ್ವರ ಬಂದ ಬಡಕಲು ಮಾಸ್ತರರೊಬ್ಬರು ಮೂರನೆಯ ವಾರ ಹೋಗಿಬಿಟ್ಟರು. ರಾಯರು ಉಳಿದರು. ಜಗನ್ನಾಥ ಡಾಕ್ಟರು ಪಡಸಾಲೆಯಲ್ಲಿ ನಿಂತು ಕಾವೇರಿಬಾಯಿಗೆ ಹೇಳಿದರು:

"ಆ ಕೊಬ್ಬು ಗುಂಡಿಗಿಗೆ ವೈರಿ, ನಾನೇ ಬೈತಿದ್ದೆ. ಆದ್ರ ಹೊಟ್ಟಿಗೆ ಅನ್ನ ಇಲ್ಲದಾಗ ಮೈ ಅದನ್ನೇ ಕರಗಿಸಿ ಉಂಡದ. ನೆಲದಾಗಿನ ಹಗೇವಿನೊಳಗ ಜೋಳ ತುಂಬಿಟ್ಟಂಗ ತುಂಬಿಟ್ಟಿದ್ರು ನಿಮ್ಮ ಅಡಗಿಯವ್ರು. ಮಾಸ್ತರ್ರಿಗೆ ಹಗೇವು ಖಾಲಿ ಇತ್ತು. ಇವ್ರನ್ನ ಉಳಿಸಿದಾಕಿ ಆಕಿನೇ."

ಕಾವೇರಿಬಾಯಿ ಕೈ ಮುಗಿಯಲು ಬಂದರು. ಭಾಗೀರಥಿಬಾಯಿ ಹಿತ್ತಿಲಿಗೆ ಹೋಗಿ ತುಪ್ಪದ ಮಿಳ್ಳಿಯನ್ನು ಹುಣಸೆಹಣ್ಣು ಬೂದಿ ಹಚ್ಚಿ ತಿಕ್ಕಿದರು, ಹಿತ್ತಾಳೆ ಸವೆಯುವ ಹಾಗೆ. ಆರು ವರ್ಷ ಹನಿಹನಿಯಾಗಿ ಕಟ್ಟಿದ ಸೇಡನ್ನು ಆ ಮನುಷ್ಯ ಮಲಗಿಕೊಂಡೇ ತಿಂದು ಬದುಕಿದ್ದ. ಮೇಲಾಗಿ ಸೊಂಟವೂ ಇಪ್ಪತ್ತೇಳು ಇಂಚಿಗೆ ಬಂದಿತ್ತು.

ಆದರೆ ಮೈಯಲ್ಲಿ ಎಣ್ಣೆಪಸೆ ತೀರಿದ ಮನುಷ್ಯ ಚೆಂದ ಕಾಣುವುದಿಲ್ಲ. ಚರ್ಮ ಬಿರಿಯಿತು, ಕೂದಲು ಕೈಗೆ ಬಂತು, ಕೂತರೆ ಎಲುಬು ಹಲಗೆಗೆ ಒತ್ತಿತು. ರಾಯಚೂರಿನ ಬೇಸಿಗೆಯಲ್ಲಿ ಕಂಬಳಿ ಕೇಳಿದ ಮನುಷ್ಯ ಅವರೊಬ್ಬರೇ ಇರಬೇಕು. ತುಪ್ಪ, ಹಾಲು ಶುರುಮಾಡಿ ಎಂದು ಡಾಕ್ಟರು ಹೇಳಿ ನಾಲ್ಕು ದಿನವಾಗಿತ್ತು. ಎಲೆಗೆ ಬರುತ್ತಿದ್ದುದು ಬರೀ ಮೆತ್ತನೆಯ ಅನ್ನ, ಉಪ್ಪಿನಕಾಯಿ.

ಐದನೆಯ ದಿನ ರಾಯರು ಎಲೆಯ ಮುಂದೆ ಕೂತು ಸಣ್ಣ ದನಿಯಲ್ಲಿ ಕೇಳಿದರು. "ಬಾಯಿಯವರ, ತುಪ್ಪ ಮರತೀರಿ."

"ಮರೆಯೋ ಪೈಕಿ ಅಲ್ಲ ನಾನು. ಹಾಕ್ತೀನಿ. ಮೊದ್ಲ ಎಡಗೈ ಮುಂದ ಮಾಡ್ರಿ."

"ಯಾಕ್ರೀ?"

"ಬಲಗೈ ಬೆರಳು ಮಣಿಕಟ್ಟಿಗೆ ಸುತ್ರಿ. ಹೆಬ್ಬೆರಳು, ನಡುಬೆರಳು. ಎಷ್ಟು ಸಡಿಲ ಅದ?"

ರೋಗಿ ಹೇಳಿದಂತೆ ಕೇಳಿದರು. "ಇನ್ನೊಂದು ಬೆರಳು ಹಿಡಿಸ್ತದ."

"ಒಣ ಕಟ್ಟಿಗಿ ಆತಲ್ಲ," ಅಂದರು ಭಾಗೀರಥಿಬಾಯಿ. "ಒಲಿಗೆ ಛಲೋ."

ರಾಯರು ನಕ್ಕರು. ನಗು ಅರ್ಧದಲ್ಲಿ ನಿಂತಿತು. ಬೆರಳು ಇನ್ನೂ ಮಣಿಕಟ್ಟಿನ ಸುತ್ತಲೇ ಇದ್ದವು. ಅವರು ಅದನ್ನು ನೋಡಿದರು, ಆಮೇಲೆ ಆ ಬೋಳುತಲೆಯ ಮುಖವನ್ನು ಆರು ವರ್ಷದಲ್ಲಿ ಮೊದಲ ಸಲ ನೋಡಿದರು.

"ಮಾನ್ವಿ," ಅಂದರು. "ಅವಲಕ್ಕಿ..."

"ಅವಲಕ್ಕೀನೂ ನಾನೇ ಮಾಡಿದ್ದೆ."

"ಬಾಯಿ, ನಾನು ಹುಡುಗಾಟಕ್ಕೆ..."

"ನನಗ ಅದು ಹದಿನೇಳು ವರ್ಷ ಆತು. ಆರು ವರ್ಷ ನಿಮಗ ತಿಳೀದಂಗ ತುಪ್ಪ ಹಾಕಿದೆ. ಇನ್ನ ಮುಂದ ತಿಳಿದು ಉಣ್ರಿ. ಡಾಕ್ಟರು ಹೇಳ್ಯಾರ, ಬಿಡೂಹಂಗಿಲ್ಲ."

ಮಿಳ್ಳಿ ಬಗ್ಗಿತು. ರಾಯರು ಸಾಕು ಅನ್ನಲು ಬಾಯಿ ತೆರೆದು ಮುಚ್ಚಿದರು, ಧೈರ್ಯ ಬರಲಿಲ್ಲ. ಭಾಗೀರಥಿಬಾಯಿಯೂ ನಿಲ್ಲಿಸಲಿಲ್ಲ. ತುಪ್ಪ ಅನ್ನ ದಾಟಿ, ಉಪ್ಪಿನಕಾಯಿ ದಾಟಿ, ಎಲೆಯ ಅಂಚಿಗೆ ಬಂದು ಧೋತರಕ್ಕೆ ಇಳಿಯಿತು.

"ತಪ್ಪಾತು," ಅಂದರು ರಾಯರು ಕಡೆಗೆ, ಎಲೆಗೆ ಹೇಳಿದಂತೆ.

"ಕೇಳಿಸಲಿಲ್ಲ."

ವಕೀಲರು ಗಂಟಲು ಸರಿಮಾಡಿಕೊಂಡು, ಕೋರ್ಟಿನಲ್ಲಿ ಹೇಳುವ ದನಿಯಲ್ಲಿ, ಪಡಸಾಲೆಯಲ್ಲಿದ್ದ ಹೆಂಡತಿಗೂ ಕೇಳಿಸುವಂತೆ ಇನ್ನೊಮ್ಮೆ ಹೇಳಿದರು.

"ಉಣ್ರಿ, ಆರ್ತದ."

ಆ ವಾರ ರಾಯರು ಜೋತಾಡುವ ಶೇರ್ವಾನಿ ಚಿಕ್ಕದು ಮಾಡಲು ಅಮೀರ್ ಸಾಬನಿಗೆ ಹೇಳಿಕಳಿಸಿದರು. ಅವನು ಅಳತೆ ತಗೊಂಡು ಹಿತ್ತಿಲ ಕಿಟಕಿಗೆ ಬಂದ.

"ಬಾಯಿ, ಹೆಚ್ಚಿನ ಕಪಡಾ ಕತ್ತರಿಸಿ ತಗದುಬಿಡ್ಲ್ಯಾ?"

"ಬ್ಯಾಡ್ರಿ," ಅಂದರು ಭಾಗೀರಥಿಬಾಯಿ, ಬೆಣ್ಣೆಯ ಪಾತ್ರೆ ಒಲೆಗೆ ಏರಿಸುತ್ತ. "ಒಳಗ ಮಡಚಿ ಹೊಲೀರಿ. ಬೇಕಾಗ್ತದ."