ಹಿಂದಿನ ಮನೆಯ ಎಂಟು ಜನ

ಕಳೆದ ತಿಂಗಳು ನಾನು ರಂಗಮ್ಮನಿಗೆ ಜನಸಂಖ್ಯೆಯ ಬಗ್ಗೆ ಪಾಠ ಮಾಡಿದೆ. ಅದೂ ಅವರ ಬಾಗಿಲಲ್ಲೇ ನಿಂತು.

ಹೊಳೆನರಸೀಪುರದ ನಮ್ಮ ಮನೆಯ ಹಿಂದೆ ನಮ್ಮದೇ ಇನ್ನೊಂದು ಚಿಕ್ಕ ಮನೆಯಿದೆ. ಅಲ್ಲಿ ರಂಗಮ್ಮನ ಕುಟುಂಬ ಬಾಡಿಗೆಗಿದೆ. ಎಂಟು ಜನ. ನಾವು ಗಂಡ ಹೆಂಡತಿ ಇಬ್ಬರೇ. ಎರಡೂ ಮನೆಗೆ ಒಂದೇ ಬೋರ್‌ವೆಲ್. ಈ ಬೇಸಿಗೆಯಲ್ಲಿ ಅದರ ನೀರು ಇಳಿಯತೊಡಗಿತು. ಅನುಮಾನ ಯಾರ ಮೇಲೆ ಹೋಗಬೇಕು? (ಎಂಟು ದೊಡ್ಡದೋ, ಎರಡು ದೊಡ್ಡದೋ?)

ಜನ ಹೀಗೆ ಹೆಚ್ಚುತ್ತಾ ಹೋದರೆ ಭೂಮಿ ಎಷ್ಟು ಅಂತ ತಡೆದುಕೊಂಡೀತು, ಒಂದು ಮಿತಿ ಬೇಡವೇ ಎಂದೆಲ್ಲ ಹೇಳಿದೆ. ರಂಗಮ್ಮ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡರು. ಪಕ್ಕದಲ್ಲಿದ್ದ ಸೊಸೆ ಸವಿತಾ ಒಳಗೆ ಹೋಗಿಬಿಟ್ಟಳು.

ಮಾರನೇ ದಿನದಿಂದ ಸವಿತಾ ಬಟ್ಟೆ ಗಂಟು ಹೊತ್ತು ಹೊಳೆಗೆ ಹೋಗತೊಡಗಿದಳು. ಒದ್ದೆ ಬಟ್ಟೆಯ ಭಾರ ಹೊತ್ತು ಬಿಸಿಲಲ್ಲಿ ವಾಪಸ್. ವರಾಂಡದಲ್ಲಿ ಕೂತು ನಾನು ನೋಡುತ್ತಿದ್ದೆ. ಹೇಳಿದ ಮಾತು ನಾಟಿದೆ ಎಂದು ಖುಷಿಯೂ ಆಯಿತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಆದರೂ ನೀರು ಏರಲಿಲ್ಲ. ಪಂಪ್ ರಿಪೇರಿಯ ಮಂಜಣ್ಣನನ್ನು ಕರೆಸಿದೆ. ಹಿಂದಿನ ಮನೆಯಲ್ಲಿ ಜನ ಜಾಸ್ತಿ ಎಂದು ನಾನೇ ಮೊದಲು ತೀರ್ಪು ಕೊಟ್ಟೆ. ಆತ ಲಾನಿನ ಸ್ಪ್ರಿಂಕ್ಲರ್, ಕಾರು ತೊಳೆಯುವ ಪೈಪು, ಮೂರು ಬಾತ್‌ರೂಮು ಎಲ್ಲ ಸುತ್ತಿ ಬಂದು ಕೈ ಒರೆಸಿಕೊಂಡ.

“ಅವ್ರು ಬಿಂದಿಗೇಲಿ ನೀರು ಇಡ್ಕಳೋರು ಸಾ. ಎಂಟು ಜನ ಇಡೀ ದಿನ ಬಳಸೋದ್ನ ನಿಮ್ಮ ಉಲ್ಲು ಬೆಳಿಗ್ಗೆ ಒಂದೊತ್ತಿಗೇ ಕುಡಿದ್ಬುಡ್ತದೆ.”

ಸಂಜೆ ರಂಗಮ್ಮನ ಮನೆಗೆ ಹೋದೆ. ತಪ್ಪು ನಮ್ಮದೇ, ಬಟ್ಟೆ ಇಲ್ಲೇ ಒಗೆಯಿರಿ ಎಂದೆ. ಆಕೆ ಕುರ್ಚಿ ಹಾಕಿದರು. ಏನೋ ಹೇಳಲು ಹೋಗಿ ತಡವರಿಸಿದರು. ಕೊನೆಗೆ ಬಾಯಿಬಿಟ್ಟರು.

“ಸವಿತಂಗೆ ಈಗ ನಾಕು ತಿಂಗ್ಳು ಸಾ. ಇನ್ನೊಂದು ಜೀವ ಬತ್ತದೆ ಅಂತ ನಿಮ್ಗೆ ಯೋಳಾಕೆ ಎದ್ರಿಕೆ ಆಗಿತ್ತು. ಮನೆ ಬುಡುಸ್ಬೇಡಿ.”

ಮೊಮ್ಮಗು ಬರುವ ಸುದ್ದಿಯನ್ನು ಆಕೆ ಕಳ್ಳತನ ಒಪ್ಪಿಕೊಳ್ಳುವವರ ಹಾಗೆ ಹೇಳಿದರು. ಬಸುರಿ ಹುಡುಗಿಯ ತಲೆ ಮೇಲೆ ಬಟ್ಟೆ ಗಂಟು ಹೊರಿಸಿದ್ದು ನಾನು. ಯಾವ ಮುಖ ಇಟ್ಟುಕೊಂಡು ಆ ಕುರ್ಚಿಯಲ್ಲಿ ಕೂರಲಿ? ಮನೆ ಬಿಡಿಸುವುದಿಲ್ಲ ಎಂದಷ್ಟೇ ಹೇಳಿ ಬಂದೆ.

ಸ್ಪ್ರಿಂಕ್ಲರ್ ಬಿಚ್ಚಿಸಿದ್ದೇನೆ. ಲಾನು ಒಣಗುತ್ತಿದೆ. (ಒಣಗಲಿ ಬಿಡಿ ಎಂದಳು ಹೆಂಡತಿ.) ನೀರು ಸ್ವಲ್ಪ ಏರಿದೆ. ಸವಿತಾ ಈಗ ಹಿತ್ತಲಲ್ಲೇ ಒಗೆಯುತ್ತಾಳೆ. ಆದರೆ ನನ್ನನ್ನು ಕಂಡರೆ ಸಾಕು, ಸೆರಗೆಳೆದು ಹೊಟ್ಟೆ ಮುಚ್ಚಿಕೊಳ್ಳುತ್ತಾಳೆ.

ನೀವೇ ಹೇಳಿ, ಭೂಮಿಗೆ ಭಾರವಾಗಿರುವುದು ಆ ಮಗುವೋ, ನಾನೋ?