ತಿದ್ದುವ ಕೈ

ಆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರನ್ನು ಹೆಸರು ಹಿಡಿದು ಕರೆದವರಿಲ್ಲ. ಮಕ್ಕಳ ಬಾಯಲ್ಲಿ ಅವರು ಗೆರೆ ಮೇಷ್ಟ್ರು. ಸ್ಕೇಲಿಲ್ಲದೆ ಕಪ್ಪು ಹಲಗೆಯ ಈ ತುದಿಯಿಂದ ಆ ತುದಿಗೆ ನೂಲು ಹಿಡಿದಂತೆ ಗೆರೆ ಎಳೆಯುತ್ತಿದ್ದರು. ಭುಜವನ್ನೊಮ್ಮೆ ಸುತ್ತಿಸಿದರೆ ಸಾಕು, ದುಂಡನೆಯ ವೃತ್ತ ಸಿದ್ಧ. ಹೊಸದಾಗಿ ಸೇರಿದ ಮಕ್ಕಳು ಕಣ್ಣು ಬಾಯಿ ಬಿಟ್ಟು ನೋಡುವಾಗ ಮೇಷ್ಟ್ರು ಏನೂ ಆಗದವರಂತೆ ಕೈಯ ಸೀಮೆಸುಣ್ಣದ ಪುಡಿ ಕೊಡವಿಕೊಳ್ಳುವರು. ಆ ಕೊಡವುವುದರಲ್ಲಿ ಜಂಬವೇ ಇರಲಿಲ್ಲ ಎಂದರೆ ಸುಳ್ಳಾದೀತು.

ಅವರಿಗೆ ಕರಗತವಾಗಿದ್ದ ಇನ್ನೊಂದು ವಿದ್ಯೆ ತಿದ್ದುವುದು. ಮಕ್ಕಳು ಚಿತ್ರ ಬರೆದು, “ಸರ್, ತಿದ್ದಿ ಕೊಡಿ” ಎಂದು ಅವರ ಕುರ್ಚಿಯ ಪಕ್ಕ ಸಾಲು ನಿಲ್ಲುತ್ತಿದ್ದವು. ಮೇಷ್ಟ್ರು ಬೆಕ್ಕಿಗೊಂದು ಬೆನ್ನು ಕೊಡುವರು, ವಾಲಿದ ಮನೆಯನ್ನು ನೆಟ್ಟಗೆ ನಿಲ್ಲಿಸುವರು, ಮೂಗಿಲ್ಲದ ಅಮ್ಮನಿಗೆ ಮೂಗು ಮೂಡಿಸುವರು. ಹಾಳೆ ವಾಪಸು ಕೈಗೆ ಬಂದಾಗ ಮಗುವಿನ ಗೆರೆ ಅದರಲ್ಲಿ ಎಲ್ಲಿದೆ ಎಂದು ಹುಡುಕಬೇಕಾಗಿತ್ತು. ಮಗುವಿಗೆ ಖುಷಿ, ಮನೆಯವರಿಗೆ ಹೆಮ್ಮೆ, ಶಾಲೆಗೆ ಸ್ಪರ್ಧೆಯ ಬಹುಮಾನದ ಕಪ್ಪು. ಹೆಡ್ ಮಿಸ್ ಕೋಣೆಯ ಗಾಜಿನ ಬೀರುವಿನಲ್ಲಿ ಮಿನುಗುತ್ತಿದ್ದ ಕಪ್ಪುಗಳಲ್ಲಿ ಅರ್ಧಕ್ಕರ್ಧ ಗೆರೆ ಮೇಷ್ಟ್ರ ಕೈಯೇ ಗೆದ್ದದ್ದು. ಅದು ತಪ್ಪೆಂದು ಯಾರೂ ಅಂದಿರಲಿಲ್ಲ, ಅವರಿಗೂ ಅನಿಸಿರಲಿಲ್ಲ. ಅಕ್ಷರ ಕಲಿಯುವ ಮಗುವಿನ ಕೈಹಿಡಿದು ತಿದ್ದಿಸುವುದಿಲ್ಲವೇ, ಹಾಗೆಯೇ ಇದೂ ಎಂದುಕೊಂಡಿದ್ದರು. ತಿದ್ದಿಸುವುದು ಬೇರೆ, ತಿದ್ದುವುದು ಬೇರೆ ಎನ್ನುವ ಮಾತು ಆ ದೊಡ್ಡ ತಲೆಗೆ ಹೊಳೆಯಲಿಲ್ಲ.

ಆಮೇಲೆ ಶಾಲೆಗೆ ಆಮೆಗಳು ಬಂದವು. ಬೋರಲು ಹಾಕಿದ ಬಟ್ಟಲಿನಷ್ಟು ದೊಡ್ಡ ಯಂತ್ರಗಳು. ಹೊಟ್ಟೆಯಡಿ ಎರಡು ಚಕ್ರ, ನಡುವೆ ಪೆನ್ನು ಸಿಕ್ಕಿಸುವ ತೂತು. ಮಕ್ಕಳು ಟ್ಯಾಬ್ಲೆಟ್ಟಿನ ಮೇಲೆ ಬಣ್ಣಬಣ್ಣದ ತುಂಡುಗಳನ್ನು ಬೆರಳಲ್ಲಿ ಎಳೆದು ಒಂದರ ಕೆಳಗೊಂದು ಜೋಡಿಸಬೇಕು. ಮುಂದೆ ಹೋಗು, ಬಲಕ್ಕೆ ತಿರುಗು, ಪೆನ್ನು ಎತ್ತು, ಇದನ್ನೇ ಮತ್ತೆ ಮಾಡು. ಹಾಗೆ ಜೋಡಿಸಿದ ಅಪ್ಪಣೆಯನ್ನು ಆಮೆ ಚಾಚೂ ತಪ್ಪದೆ ಪಾಲಿಸಿ ಹಾಳೆಯ ಮೇಲೆ ಹರಿದಾಡಿ ಚಿತ್ರ ಬರೆಯುತ್ತದೆ. ಮಕ್ಕಳಿಗೆ ಕೋಡಿಂಗ್ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲವೆಂದು ಹೊಸದಾಗಿ ಬಂದಿದ್ದ ಕಂಪ್ಯೂಟರ್ ಮಿಸ್ ಉತ್ಸಾಹದಿಂದ ಹೇಳಿದರು. ಚಿತ್ರ ಬರೆಯುವ ಯಂತ್ರ ಎಂದಮೇಲೆ ಡ್ರಾಯಿಂಗ್ ಮೇಷ್ಟ್ರೂ ಇರಲಿ ಎಂದು ಹೆಡ್ ಮಿಸ್ ಅವರನ್ನೂ ಆ ತರಗತಿಗೆ ಹಾಕಿದರು. ಮೇಷ್ಟ್ರು ಹಿಂದಿನ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು, ಅರ್ಥವಾದವರ ಹಾಗೆ ತಲೆಯಾಡಿಸುತ್ತ ಕೂರುತ್ತಿದ್ದರು. ಒಳಗೊಳಗೇ ಉರಿಯುತ್ತಿತ್ತು. ಅವರ ಭುಜ ಒಂದು ಉಸಿರಿಗೆ ಬರೆಯುವ ವೃತ್ತಕ್ಕೆ ಈ ಬಟ್ಟಲು ಗಿರಕ್ ಗಿರಕ್ ಎನ್ನುತ್ತ ಯುಗ ತೆಗೆದುಕೊಳ್ಳುತ್ತಿತ್ತು.

ಆ ತರಗತಿಯಲ್ಲೇ ಗುಬ್ಬಿ ಇದ್ದಳು. ಮೇಷ್ಟ್ರ ತಮ್ಮನ ಮಗಳು. ತಮ್ಮ ಟೈಲರ್, ಮನೆಯ ನಡುಮನೆಯೇ ಅವನ ಅಂಗಡಿ. ಮದುವೆಯಾಗದ ಮೇಷ್ಟ್ರು ಆ ಮನೆಯ ಮುಂಕೋಣೆಯಲ್ಲಿ ಇದ್ದರು. ಗುಬ್ಬಿಗೆ ಮನೆಯಲ್ಲಿ ಅವರು ದೊಡ್ಡಪ್ಪ. ‘ಬಾ ದೊಡ್ಡಪ್ಪ, ಹೋಗು ದೊಡ್ಡಪ್ಪ’ ಎಂಬ ಏಕವಚನದ ಸಲಿಗೆ. ಶಾಲೆಯ ಗೇಟು ದಾಟಿದರೆ ಸರ್, ನೀವು, ಬನ್ನಿ. ಈ ನಿಯಮ ಮಾಡಿದವರು ಮೇಷ್ಟ್ರೇ. ಗುಬ್ಬಿ ಅದನ್ನು ಆಟದ ಹಾಗೆ ಪಾಲಿಸುತ್ತಿದ್ದಳು. ಗೇಟಿನ ಈಚೆ ಕಾಲಿಟ್ಟು ‘ದೊಡ್ಡಪ್ಪ’, ಆಚೆ ಕಾಲಿಟ್ಟು ‘ಸರ್’ ಎಂದು ನಗುವುದೂ ಇತ್ತು.

ವರ್ಷದ ಕೊನೆಗೆ ಆಮೆಯ ಚಿತ್ರಗಳ ಪ್ರದರ್ಶನ ಇಟ್ಟರು. ಪೋಷಕರು ಬರುತ್ತಾರೆ, ಹೊರಗಿನಿಂದ ತೀರ್ಪುಗಾರರೊಬ್ಬರು ಬರುತ್ತಾರೆ, ಅವರು ಆರಿಸಿದ ಒಂದು ಮಗು ದೊಡ್ಡ ಶಾಲೆಯ ರಜಾ ಶಿಬಿರಕ್ಕೆ ಹೋಗುತ್ತದೆ. ಗುಬ್ಬಿಗೆ ಶಿಬಿರದ್ದೇ ಜಪ. ಊಟಕ್ಕೆ ಕೂತರೂ ಬೆರಳಲ್ಲಿ ತಟ್ಟೆಯ ಸುತ್ತ ಏನೋ ತಿರುಗಿಸುತ್ತಿದ್ದಳು.

ಅವಳು ಆಮೆಯಿಂದ ಬರೆಸಿದ್ದು ಒಂದು ಹೂವು. ಒಂದೇ ಎಸಳು, ಸ್ವಲ್ಪ ತಿರುಗು, ಮತ್ತೆ ಎಸಳು. ಸುತ್ತು ಮುಗಿದಾಗ ಕೊನೆಯ ಎಸಳು ಮೊದಲನೆಯದಕ್ಕೆ ತಾಗಬೇಕಿತ್ತು, ತಾಗಿರಲಿಲ್ಲ. ನಡುವೆ ಒಂದು ಎಸಳಿನಷ್ಟು ಜಾಗ ಖಾಲಿ ಉಳಿದಿತ್ತು. ಲೆಕ್ಕ ಸರಿಯಿದೆ, ಆದರೂ ಹೂವು ಯಾಕೆ ಮುಚ್ಚಿಕೊಳ್ಳಲಿಲ್ಲ? ಗುಬ್ಬಿ ಹುಡುಕಿ ಹುಡುಕಿ, ಆಮೆಯ ಎಡಚಕ್ರದ ರಬ್ಬರು ಸವೆದು ಜಾರುತ್ತಿದೆ ಎಂದು ಕಂಡುಹಿಡಿದಿದ್ದಳು. ತಪ್ಪು ಇದ್ದಲ್ಲೇ ಇರಲಿ, ಅದನ್ನು ತೋರಿಸಿ ಹೇಗೆ ಹುಡುಕಿದೆ ಅಂತ ಹೇಳು ಎಂದು ಕಂಪ್ಯೂಟರ್ ಮಿಸ್ ಅವಳಿಗೆ ಹೇಳಿಕೊಟ್ಟಿದ್ದರು. ಇದೊಂದೂ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಆ ಮಾತುಕತೆ ನಡೆದಾಗ ಅವರು ಹಿಂದಿನ ಕುರ್ಚಿಯಲ್ಲಿ ತಲೆಯಾಡಿಸುತ್ತಿದ್ದರು.

ಪ್ರದರ್ಶನದ ದಿನ ಊಟದ ಬಿಡುವಿನಲ್ಲಿ ಮೇಷ್ಟ್ರು ಒಬ್ಬರೇ ಶಾಲೆಯ ಸಭಾಂಗಣದಲ್ಲಿ ಹಾಳೆಗಳನ್ನು ಗೋಡೆಗೆ ಅಂಟಿಸುತ್ತಿದ್ದರು. ಗುಬ್ಬಿಯ ಹೂವು ಕೈಗೆ ಬಂತು. ಅಯ್ಯೋ, ಕೂಸಿನ ಹೂವು ಅರೆಬರೆ ಆಗಿದೆಯಲ್ಲ ಎಂದು ಕರುಳು ಚುರುಕ್ಕೆಂದಿತು. ಆಮೆಯ ಬೆನ್ನಲ್ಲಿ ಆ ಹೂವು ಬರೆದ ನೀಲಿ ಪೆನ್ನೇ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು, ಒಂದೇ ಬೀಸಿನಲ್ಲಿ ಎಸಳು ಬರೆದು ಹೂವನ್ನು ಮುಚ್ಚಿದರು. ಯಂತ್ರಕ್ಕೂ ಅಷ್ಟು ಚೆಂದ ಬರದು ಎನಿಸಿತು. ಕೈ ಕೊಡವಿಕೊಂಡರು.

ಮಧ್ಯಾಹ್ನ ಸಭಾಂಗಣ ತುಂಬಿತು. ಗುಬ್ಬಿಯ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲೇ ನಿಂತಿದ್ದ. ಗುಬ್ಬಿಯ ಸರದಿ ಬಂದಾಗ ಅವಳು ಗೋಡೆಗೆ ಬೆನ್ನುಮಾಡಿ, ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಗಟ್ಟಿಯಾಗಿ ಹೇಳಿದಳು. ನನ್ನ ಹೂವು ಮುಚ್ಚಿಕೊಂಡಿಲ್ಲ, ಈ ಖಾಲಿ ಜಾಗ ನೋಡಿ, ಇದು ಯಾಕಾಯಿತು ಎಂದು ಹೇಳುತ್ತೇನೆ ಎಂದು ತಿರುಗಿ ಬೆರಳಿಟ್ಟಳು. ಬೆರಳಿಟ್ಟಲ್ಲಿ ಖಾಲಿ ಜಾಗ ಇರಲಿಲ್ಲ. ಜನ ನಕ್ಕರು. ಗುಬ್ಬಿ ಆ ಎಸಳನ್ನೇ ನೋಡುತ್ತ ನಿಂತುಬಿಟ್ಟಳು. ಶುರುವಿನಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಪೆನ್ನು ಒತ್ತಿ ಎತ್ತುವ ಆ ಬಗೆ ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಅವಳ ಪುಸ್ತಕಗಳ ಮೇಲೆಲ್ಲ ಅದೇ ಕೈಯ ಬಳ್ಳಿಗಳಿದ್ದವು.

ತೀರ್ಪುಗಾರರು ಒಳ್ಳೆಯ ಮನುಷ್ಯರೇ. ಗಾಬರಿಯಾಗಬೇಡ ಎಂದು ಹೇಳಿ, ಅದೇ ಅಪ್ಪಣೆಯನ್ನು ಇನ್ನೊಂದು ಹಾಳೆಯ ಮೇಲೆ ನಡೆಸಿ ತೋರಿಸಲು ಕೇಳಿದರು. ಆಮೆ ಗಿರಕ್ ಗಿರಕ್ ಎಂದು ಸುತ್ತಿ ಬಂತು. ಒಂದು ಎಸಳಿನ ಜಾಗ ಬಿಟ್ಟು ನಿಂತಿತು. ತೀರ್ಪುಗಾರರು ಗೋಡೆಯ ಹೂವನ್ನೂ ನೆಲದ ಹೂವನ್ನೂ ನೋಡಿ, ಕೈಯಲ್ಲಿ ಬರೆದು ಸೇರಿಸಿದ್ದನ್ನು ಒಪ್ಪುವ ಹಾಗಿಲ್ಲವಲ್ಲ ಮಗೂ ಎಂದು ಮೆಲ್ಲಗೆ ಹೇಳಿದರು. ನಾನು ಬರೆದಿಲ್ಲ ಎಂದಳು ಗುಬ್ಬಿ. ಹೆಡ್ ಮಿಸ್ ವಾತಾವರಣ ಹಗುರ ಮಾಡಲು, ಮನೆಯಲ್ಲೇ ಡ್ರಾಯಿಂಗ್ ಮೇಷ್ಟ್ರಿರುವಾಗ ಮಗುವಿಗೂ ಕೈ ಸುಮ್ಮನಿರಲ್ಲ ಬಿಡಿ ಎಂದರು. ಮತ್ತೆ ನಗು. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ಗುಬ್ಬಿಯೂ ತಿರುಗಿದಳು.

ಅಷ್ಟು ಕಣ್ಣುಗಳ ಮುಂದೆ, ನಾನೇ ಬರೆದದ್ದು ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಅವರು ನಕ್ಕರು.

“ಮಕ್ಕಳಲ್ವಾ, ಹೋಗ್ಲಿ ಬಿಡಿ” ಎಂದರು.

ಸುಮ್ಮನಿದ್ದಿದ್ದರೂ ಚೆನ್ನಾಗಿತ್ತು. ಆ ಮಾತಿನಿಂದ ಗುಬ್ಬಿಯ ಮೇಲಿನ ಅನುಮಾನ ಖಚಿತವಾಯಿತು. ದೊಡ್ಡಪ್ಪನೇ ಕ್ಷಮಿಸಿಬಿಟ್ಟಮೇಲೆ ತಪ್ಪು ಅವಳದೇ ತಾನೆ? ತಲೆ ತಗ್ಗಿಸಿ ತಮ್ಮ ಬಾಗಿಲ ಕಡೆ ಸರಿದ. ಶಿಬಿರಕ್ಕೆ ಬೇರೆ ಮಗು ಆಯ್ಕೆಯಾಯಿತು.

ಸಂಜೆ ನಡುಮನೆಯಲ್ಲಿ ಮಗಳನ್ನು ನಿಲ್ಲಿಸಿಕೊಂಡು ತಮ್ಮ ಬೈದ. ಕಳ್ಳ ಬುದ್ಧಿ ಎಲ್ಲಿಂದ ಬಂತು, ನಾಲ್ಕು ಜನರ ಮುಂದೆ ದೊಡ್ಡಪ್ಪನ ಮರ್ಯಾದೆ ಮಣ್ಣುಪಾಲು ಮಾಡಿದೆಯಲ್ಲ ಎಂದ. ಮೇಷ್ಟ್ರು ಅಲ್ಲೇ, ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ, ಬಿದ್ದಿದ್ದ ದಾರದ ಎಳೆಯೊಂದನ್ನು ಬೆರಳಿಗೆ ಸುತ್ತುತ್ತ ಕೂತಿದ್ದರು. ಈಗ ಹೇಳುತ್ತೇನೆ, ಅವನು ಈ ಮಾತು ಮುಗಿಸಲಿ ಎಂದುಕೊಂಡರು. ಅವನು ಮುಗಿಸಿದ. ಮೇಷ್ಟ್ರು ದಾರವನ್ನು ಇನ್ನೊಂದು ಸುತ್ತು ಸುತ್ತಿದರು. ಗುಬ್ಬಿಯೂ ಅವರ ಹೆಸರೆತ್ತಲಿಲ್ಲ. ಅವಳು ಒಂದು ಮಾತು ಆಡಿಬಿಟ್ಟಿದ್ದರೆ ಅವರಿಗೆ ಎಷ್ಟು ಹಗುರವಾಗುತ್ತಿತ್ತೋ! ಅದನ್ನೂ ಆ ಮಗುವೇ ಮಾಡಲಿ ಎಂದು ಕಾಯುತ್ತಿದ್ದುದಕ್ಕೆ ಅವರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಊಟಕ್ಕೆ ಕೂತಾಗ ಗುಬ್ಬಿ ನೀರಿನ ಚೊಂಬು ಹಿಡಿದು ಅವರ ಪಕ್ಕ ಬಂದಳು.

“ನೀರು ಹಾಕ್ಲಾ ಸರ್?”

ಗುಬ್ಬಿಯ ಅಮ್ಮ ಕಿಸಕ್ಕನೆ ನಕ್ಕು, ಮನೆಯಲ್ಲೂ ಸ್ಕೂಲಾಟ ಶುರುಮಾಡಿದಳಾ ಎಂದರು. ಮೇಷ್ಟ್ರು ಲೋಟ ಮುಂದೆ ಸರಿಸಿದರು. ಮರುದಿನವೂ ಸರ್. ದೀಪ ಆರಿಸ್ಲಾ ಸರ್, ನಿಮ್ಮ ಚಪ್ಪಲಿ ಒಳಗಿಟ್ಟಿದ್ದೀನಿ ಸರ್. ದನಿಯಲ್ಲಿ ಸಿಟ್ಟಿಲ್ಲ, ಅಣಕವಿಲ್ಲ, ಒಳ್ಳೆಯ ವಿದ್ಯಾರ್ಥಿನಿಯ ಅಚ್ಚುಕಟ್ಟು ಗೌರವ. ಯಾರಾದರೂ ಕೆನ್ನೆಗೆ ಬಾರಿಸಿದ್ದರೆ ಇದಕ್ಕಿಂತ ವಾಸಿ ಎನಿಸಿತು. ಡ್ರಾಯಿಂಗ್ ತರಗತಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ತನ್ನ ಬೆಕ್ಕನ್ನು ತಂದು, ತಿದ್ದಿ ಕೊಡಿ ಎಂದಾಗ ಅವರ ಕೈ ಪೆನ್ಸಿಲಿನ ಹತ್ತಿರವೇ ನಿಂತಿತು. ಹುಡುಗಿಯ ಬೆಕ್ಕಿಗೆ ಬೆನ್ನೇನೋ ಇರಲಿಲ್ಲ, ಆದರೆ ಅದು ಓಡುತ್ತಿತ್ತು. ಇಂಥ ಎಷ್ಟು ಬೆಕ್ಕುಗಳನ್ನು ಹಿಡಿದು ಕೂರಿಸಿದ್ದೇನೋ, ಎಷ್ಟು ಮಕ್ಕಳು ತಮ್ಮದಲ್ಲದ ಕಪ್ಪು ಹಿಡಿದು ನಕ್ಕವೋ ಎಂದು ನೆನೆದು ಅವರ ಕಿವಿ ಬಿಸಿಯಾಯಿತು.

ಆಮೆಯ ತರಗತಿ ಬಂದ ದಿನ ಅವರು ಹಿಂದಿನ ಕುರ್ಚಿಯಿಂದ ಎದ್ದು ಹಲಗೆಯ ಮುಂದೆ ನಿಂತರು. ಕಂಪ್ಯೂಟರ್ ಮಿಸ್ ಪಾಠ ನಿಲ್ಲಿಸಿದರು.

“ಅವತ್ತು ಆ ಎಸಳು ಬರೆದಿದ್ದು ನಾನು. ಗುಬ್ಬಿಗೆ ಗೊತ್ತೇ ಇರ್ಲಿಲ್ಲ. ಎಲ್ಲರ ಮುಂದೆ ಹೇಳ್ಬೇಕಿತ್ತು, ಹೆದರಿ ಹೇಳ್ಲಿಲ್ಲ” ಎಂದರು.

ದೊಡ್ಡವರು ಹೆದರುತ್ತಾರೆ ಎನ್ನುವುದೇ ಮಕ್ಕಳಿಗೆ ಹೊಸ ಸುದ್ದಿ. ಗುಬ್ಬಿ ತಲೆಯೆತ್ತದೆ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಮೇಷ್ಟ್ರು ಹೆಡ್ ಮಿಸ್ ಕೋಣೆಗೂ ಹೋಗಿ ಹೇಳಿದರು. ಆಕೆ ಗಾಜಿನ ಬೀರುವಿನ ಕಡೆಗೊಮ್ಮೆ ಕಣ್ಣು ಹಾಯಿಸಿ, ಆದದ್ದು ಆಯಿತು, ಶಿಬಿರಕ್ಕೆ ಹೆಸರು ಹೋಗಿಯಾಗಿದೆ, ಈಗ ಕೆದಕಿ ಏನು ಪ್ರಯೋಜನ ಎಂದರು. ಮುಂದಿನ ಸಲ ನೋಡೋಣ ಎಂದೂ ಸೇರಿಸಿದರು.

ಸಂಜೆ ತಮ್ಮನಿಗೆ ಹೇಳಿದರು. ಅವನು ಪೆಡಲಿನ ಮೇಲಿಂದ ಕಾಲು ತೆಗೆದ. ಮಷೀನು ನಿಂತಿತು. ಅಣ್ಣನಿಗೆ ಎದುರಾಡಿ ಅಭ್ಯಾಸವಿಲ್ಲದವನು, ಬಟ್ಟೆಯನ್ನೇ ನೋಡುತ್ತ ಮಾತಾಡಿದ.

“ನಾನು ಅವಳಿಗೆ ಬೈತಾ ಇದ್ದಾಗ ನೀನು ಇಲ್ಲೇ ಕೂತಿದ್ದೆಯಲ್ಲ ಅಣ್ಣ.”

ಹೌದು ಎಂದರು ಮೇಷ್ಟ್ರು. ಹಿರಿಯ ಎನ್ನುವ ಪಟ್ಟ ಆ ಸ್ಟೂಲಿನ ಮೇಲೆಯೇ ಕಳಚಿ ಬಿದ್ದಂತಾಗಿ ಅವರು ಹಿಡಿಯಷ್ಟಾಗಿ ಎದ್ದು ಮುಂಕೋಣೆಗೆ ಹೋದರು. ಮಗಳನ್ನು ಕರೆದು ತಮ್ಮ ಏನೋ ಹೇಳುತ್ತಿದ್ದುದು, ಹೇಳುತ್ತ ಅವನ ದನಿ ಒದ್ದೆಯಾದದ್ದು ಗೋಡೆಯಾಚೆಯಿಂದ ಕೇಳಿಸಿತು. ಗುಬ್ಬಿ ಊಟದ ಹೊತ್ತಿಗೆ ಅಪ್ಪನ ತೊಡೆಗೆ ಒರಗಿ ಕೂತಿದ್ದಳು. ಇವರಿಗೆ ಮಾತ್ರ ಅದೇ, ನೀರು ಹಾಕ್ಲಾ ಸರ್.

ಮುಂದಿನ ಆಮೆ ತರಗತಿಯಲ್ಲಿ ಮೇಷ್ಟ್ರು ಕುರ್ಚಿ ಬಿಟ್ಟು, ಮೊಣಕಾಲು ಎದೆಗೆ ತಾಗುವ ಪುಟ್ಟ ಬೆಂಚಿನಲ್ಲಿ ಮಕ್ಕಳ ಸಾಲಿಗೇ ಕೂತರು. ನನಗೂ ಒಂದು ಆಮೆ ಕೊಡಿ, ನನಗೆ ಇದು ಬರುವುದಿಲ್ಲ ಎಂದು ಮಿಸ್ಸಿಗೆ ಹೇಳಿದರು. ಬರುವುದಿಲ್ಲ ಎಂಬ ಮಾತನ್ನು ಆ ಶಾಲೆಯಲ್ಲಿ ಅವರು ಆಡಿದ್ದು ಅದೇ ಮೊದಲು. ಮಿಸ್ ಅವರನ್ನು ಗುಬ್ಬಿಯ ಜೊತೆಗೆ ಹಾಕಿದರು. ಬೇಕೆಂದೇ ಹಾಕಿದರೋ, ಅಲ್ಲೊಂದು ಜಾಗ ಖಾಲಿಯಿತ್ತೋ, ಅಂತೂ ಗುಬ್ಬಿ ಜರುಗಿ ಜಾಗ ಬಿಟ್ಟಳು.

ಬರೆಯಬೇಕಿದ್ದದ್ದು ಒಂದು ಮನೆ. ಮೇಷ್ಟ್ರು ತುಂಡುಗಳನ್ನು ಬೆರಳಲ್ಲಿ ಎಳೆದು ಜೋಡಿಸಿ, ಕೊನೆಗೆ ಆಮೆಯನ್ನು ಬಿಟ್ಟರು. ಗೋಡೆ ಎದ್ದಿತು. ಸೂರಿನ ಹತ್ತಿರ ಆಮೆ ಇವರ ಕಡೆ ಮುಖಮಾಡಿ ಬರುತ್ತಿತ್ತು. ಇವರು ತಮ್ಮ ಬಲಗೈ ನೋಡಿಕೊಂಡು ‘ಬಲಕ್ಕೆ’ ಎಂದು ಹಾಕಿದ್ದರು. ಆಮೆ ತನ್ನ ಬಲಕ್ಕೆ ತಿರುಗಿ ಮನೆಯಿಂದಾಚೆಗೆ ಸೂರು ಎಳೆದುಕೊಂಡು ಹೊರಟಿತು. ಎಲ್ಲರೂ ಮಾಡುವ ಮೊದಲ ತಪ್ಪು ಅದು. ಚಿಕ್ಕ ಮಕ್ಕಳು ಅದನ್ನು ಮೊದಲ ವಾರವೇ ಮಾಡಿ ಮುಗಿಸಿದ್ದವು. ಹಿಂದಿನಿಂದ ಯಾರೋ ಕುಲುಕುಲು ನಕ್ಕರು. ಮೇಷ್ಟ್ರ ಮುಖ ಕೆಂಪಾಯಿತು, ಅವರಿಗೆ ಅರಿವಾಗುವ ಮೊದಲೇ ಬಲಗೈ ಅಂಗಿಯ ಜೇಬಿನ ಪೆನ್ನು ತೆಗೆದು ಹಾಳೆಯ ಮೇಲೆ ಬಾಗಿತ್ತು.

ಪುಟ್ಟ ಕೈಯೊಂದು ಅವರ ಮಣಿಕಟ್ಟನ್ನು ಹಿಡಿದುಕೊಂಡಿತು.

“ಕೈ ತೆಗಿ ದೊಡ್ಡಪ್ಪ.”

ತರಗತಿಗೆ ತರಗತಿಯೇ ತಿರುಗಿ ನೋಡಿತು. ಶಾಲೆಯಲ್ಲಿ, ಗೇಟಿನ ಒಳಗೆ, ಏಕವಚನ. ಗುಬ್ಬಿಗೆ ಅದರ ಪರಿವೆ ಇರಲಿಲ್ಲ. ಅವಳು ಇನ್ನೊಂದು ಕೈಯಲ್ಲಿ ಟ್ಯಾಬ್ಲೆಟ್ಟನ್ನು ಅವರ ಮುಂದಕ್ಕೆ ತಳ್ಳುತ್ತಿದ್ದಳು. ಮೇಷ್ಟ್ರಿಗೆ ಕಣ್ಣು ಮಂಜಾಗಿ ‘ಬಲಕ್ಕೆ’ ಎನ್ನುವ ತುಂಡು ಎಲ್ಲಿದೆಯೆಂದೇ ಕಾಣಲಿಲ್ಲ. ಅವರು ಪೆನ್ನನ್ನು ಜೇಬಿಗಿಡದೆ ಅವಳ ಕೈಗೆ ಕೊಟ್ಟರು. ಅವಳು ಅದನ್ನು ತನ್ನ ಚೀಲದೊಳಗೆ ಹಾಕಿ ಜಿಪ್ಪು ಎಳೆದಳು.