ತವರಿನ ಹೆಸರು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕಾನೂನು ಓದುತ್ತಿದ್ದೆ. ಹುಮನಾಬಾದಿನ ಒಂದು ಓಣಿಯ ಹೆಂಗಸರ ಸಂಘಕ್ಕೆ ಉಚಿತ ಕಾನೂನು ನೆರವು ಕೊಡಲೆಂದು ಕಾಲೇಜಿನವರು ನನ್ನನ್ನು ಕಳಿಸಿದ್ದರು. ನೆರವು ಅಂದರೆ ಅರ್ಜಿ ಬರೆಯುವುದು, ಚಹಾ ಕುಡಿಯುವುದು. ಚಹಾದಲ್ಲಿ ನಾನು ಪಳಗಿದ್ದೆ.

ಅವರಿಗೆ ಓಣಿಯ ಮಕ್ಕಳ ಬಾಲವಾಡಿಗೆ ಜಾಗ ಬೇಕಿತ್ತು. ಪುರಸಭೆಯ ಖಾಲಿ ಕೋಣೆಯೊಂದು ಸಿಗುವಂತಿತ್ತು. ಆದರೆ ತಿಂಗಳೊಪ್ಪತ್ತಿನಲ್ಲಿ ಸಂಘ ನೋಂದಣಿಯಾಗಬೇಕು, ಇಲ್ಲದಿದ್ದರೆ ಕೋಣೆ ಬೇರೆಯವರ ಪಾಲು. ನಾನು ಮಹಾ ಚುರುಕಿನಿಂದ ಏಳು ಸದಸ್ಯೆಯರ ರೇಷನ್ ಕಾರ್ಡ್ ನೋಡಿ ಹೆಸರು ಟೈಪ್ ಮಾಡಿಸಿ, ಸಹಿ ಹಾಕಿಸಿ ಬೀದರಿನ ನೋಂದಣಿ ಕಚೇರಿಗೆ ಒಯ್ದೆ. ಕಾಗದ ಹೋದಂತೆಯೇ ವಾಪಸ್ ಬಂತು. ಅಧ್ಯಕ್ಷೆಯ ಹೆಸರು ಒಂದಿತ್ತು, ಸಹಿ ಇನ್ನೊಂದಿತ್ತು. ಉಳಿದವರು ಹೆಬ್ಬೆಟ್ಟು ಒತ್ತಿದ್ದರಿಂದ ಬಚಾವಾಗಿದ್ದರು.

ನಮ್ಮ ಕಡೆ ಮದುವೆಯಲ್ಲಿ ಸೊಸೆಗೆ ಹೊಸ ಹೆಸರಿಡುವ ರೂಢಿಯಿದೆ. ನನ್ನ ಅತ್ತಿಗೆಗೂ ಇಟ್ಟಿದ್ದರು, ಆ ದಿನ ಪೇಡೆ ತಿಂದವನು ನಾನೇ. ಆದರೂ ತಲೆಗೆ ಹೊಳೆಯಲಿಲ್ಲ ನೋಡಿ! ಕಾರ್ಡಿನಲ್ಲಿದ್ದದ್ದು ಗಂಡನ ಮನೆಯವರು ಇಟ್ಟ ಹೆಸರು. ಅಧ್ಯಕ್ಷೆಗೆ ಬರೆಯಲು ಬರುತ್ತಿದ್ದುದು ಎರಡನೇ ಇಯತ್ತೆಯಲ್ಲಿ ಕಲಿತ ತವರಿನ ಹೆಸರೊಂದೇ.

“ಅಕ್ಕಾ, ಹೊಸಾ ಹೆಸರು ಬರಿಯಾಕ ನಾ ಕಲಿಸ್ತೀನ್ರಿ. ಹತ್ತು ಮಿನಿಟಿನ ಕೆಲಸ” ಎಂದೆ, ಅವರ ಮನೆಗೆ ಹೋಗಿ.

“ಕಲೀತೀನಿ ತಮ್ಮಾ. ಆದ್ರ ನಮ್ಮವ್ವ ಇಟ್ಟ ಹೆಸರು ಈ ಸಹಿದಾಗಷ್ಟ ಉಳದದ. ಅದನ್ನೂ ಬಿಡ್ಲೇನು?”

ನನಗೆ ನಾಚಿಕೆಯಾಯಿತು. ಎರಡೂ ಹೆಸರಿನವರು ಒಬ್ಬರೇ ಎಂದು ಅಫಿಡವಿಟ್ ಬರೆದು, ಓದಿ ಹೇಳಿದೆ.

“ಇನ್ನೊಮ್ಮಿ ಓದು ತಮ್ಮಾ. ಕೇಳಾಕ ಛಲೋ ಅನಸಾಕತ್ತದ” ಎಂದರು.

ಅಲ್ಲೇ ಜೋಳ ಹಸನು ಮಾಡುತ್ತಿದ್ದ ಅವರ ಅತ್ತೆ ಮೊರ ಕೆಳಗಿಟ್ಟು, “ನಂದೂ ಒಂದು ಬರಿ” ಎಂದರು.

“ನಿಮಗ್ಯಾಕ್ರಿ ಆಯಿ? ನೀವು ಸಂಘದಾಗ ಇಲ್ಲಲ್ರಿ?”

“ಇಲ್ಲಂದ್ರ ಇಲ್ಲ. ಬರಿ.”

ಮುದುಕಿ ಒಮ್ಮೆ ಬಾಗಿಲ ಕಡೆ ನೋಡಿ, ಮೆಲ್ಲಗೆ ಒಂದು ಹೆಸರು ಹೇಳಿದರು. ಹದಿನೆಂಟು ವರ್ಷ ಅದೇ ಒಲೆಯ ಮುಂದೆ ಜೊತೆಗೆ ರೊಟ್ಟಿ ಬಡಿದ ಸೊಸೆಯೂ ಅದನ್ನು ಮೊದಲ ಸಲ ಕೇಳಿದ್ದು ಆಗಲೇ. ನಾನು ಬಿಳಿ ಹಾಳೆಯ ಮೇಲೆ ದುಂಡಗೆ ಬರೆದುಕೊಟ್ಟೆ. ಅದನ್ನು ಮಡಚಿ ಕುಪ್ಪಸದಲ್ಲಿ ಸೇರಿಸಿಕೊಂಡರು.

ಗಡುವಿಗೆ ನಾಲ್ಕು ದಿನ ಉಳಿದಿರುವಾಗ ನೋಂದಣಿಯಾಯಿತು, ಕೋಣೆ ಸಿಕ್ಕಿತು. ನಾನು ವಕೀಲನಾಗಿ ಬಸವಕಲ್ಯಾಣದಲ್ಲಿ ನೆಲೆಸಿದ ಮೇಲೆ ಒಮ್ಮೆ ಅಲ್ಲಿಗೆ ಹೋಗಿದ್ದೆ. ಬಾಲವಾಡಿ ನಡೆದಿತ್ತು, ಮಕ್ಕಳ ಗದ್ದಲದಲ್ಲಿ ಮಾತೇ ಕೇಳುತ್ತಿರಲಿಲ್ಲ. ಮುದುಕಿ ತೀರಿಕೊಂಡಿದ್ದರು. ಯಾವ ಕಚೇರಿಗೂ ಬೇಡವಾಗಿದ್ದ ಆ ಕಾಗದ ಏನಾಯಿತು ಎಂದು ಕೇಳಿದೆ.

“ಟ್ರಂಕಿನಾಗ ಅದ” ಎಂದರು ಅಕ್ಕ. “ಕಡೀಗೆ ಹಾಸಿಗಿ ಹಿಡದಾಗ ಅದನ್ನ ನನ್ನ ಕೈಯಾಗ ಕೊಟ್ಟು, ‘ಈ ಹೆಸರ್ಲೆ ಒಮ್ಮಿ ಕರಿ’ ಅಂದ್ರು. ಅತ್ತೀ ಹೆಸರು ಹ್ಯಾಂಗ ಹಿಡೀಲಿ ತಮ್ಮಾ? ಆದ್ರೂ ಕರದೆ.”

“ಏನಂದ್ರು?”

“‘ಓ’ ಅಂದ್ರು.”